ರಾಜಪಾರ್ಟಿನ ಕರಿಯಪ್ಪ ಮಂಚದಿಂದ ಬಿದ್ದದ್ದು

ಕಲ್ಲುಕೊಪ್ಪಲಿನ ಕರಿಯಪ್ಪನಿಗೆ ತಾನೊಬ್ಬ ರೈತ ಅನ್ನುವುದು ಕಬ್ಬು ಕಡಿಯುವ ಹೊತ್ತಿನಲ್ಲಿ ಮಾತ್ರ ನೆನಪಾಗುತ್ತಿತ್ತು. ಉಳಿದಂತೆ ಆತ ರಾಜ. ಮಳವಳ್ಳಿ ಕಡೆಗೆ ಹೋಗುವ ಬಸ್ಸಿಗೆ ಕೈ ಅಡ್ಡ ಹಾಕಬೇಕಾದರೂ ಎಲ್ಲರ ಹಾಗೆ ಸುಮ್ಮನೆ ಚಾಚುತ್ತಿರಲಿಲ್ಲ. ಕೈಯನ್ನು ಎದೆಯಿಂದ ತೆಗೆದು, ಗಾಳಿಯಲ್ಲಿ ಅರ್ಧ ಸುತ್ತು ತಿರುಗಿಸಿ, ಆಮೇಲೆ ಅಂಗೈ ಬಿಡಿಸುತ್ತಿದ್ದ. ಪ್ರೈವೇಟ್ ಬಸ್ಸಿನ ಡ್ರೈವರುಗಳು ಅಷ್ಟು ಹೊತ್ತು ಕಾಯುವ ಜನವೇ? ಎಷ್ಟೋ ಸಲ ಅಂಗೈ ಬಿಚ್ಚುವಷ್ಟರಲ್ಲಿ ಬಸ್ಸು ತಿರುವು ದಾಟಿರುತ್ತಿತ್ತು. ಆಗಲೂ ಅವನು ಓಡುತ್ತಿರಲಿಲ್ಲ. ರಾಜರು ಬಸ್ಸಿನ ಹಿಂದೆ ಓಡುತ್ತಾರೆಯೇ? ಮುಂದಿನ ಬಸ್ಸಿನವರೆಗೆ ಅಲ್ಲೇ ಸೊಂಟದ ಮೇಲೆ ಕೈಯಿಟ್ಟು ನಿಂತಿರುತ್ತಿದ್ದ.

ಊರಲ್ಲಿ ವರ್ಷಕ್ಕೊಂದು ಪೌರಾಣಿಕ ನಾಟಕ ಆಡುತ್ತಿದ್ದ ಕಾಲದಲ್ಲಿ ಕಿರೀಟ ಇನ್ನೊಬ್ಬರ ತಲೆಗೆ ಹೋದದ್ದೇ ಇಲ್ಲ. ಅವನಿಗೆ ನಟನೆ ಬರುತ್ತಿತ್ತೇ? ಅದೊಂದನ್ನು ಕೇಳಬಾರದು. ಎತ್ತರವಿತ್ತು, ಮೀಸೆಯಿತ್ತು, ಗಂಟಲಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಬೀಳುವುದು ಬರುತ್ತಿತ್ತು. ಕೊನೆಯ ಸೀನಿನಲ್ಲಿ ಗದೆಯ ಏಟಿಗೆ ರಾಜ ಉರುಳಬೇಕು. ಸುತ್ತಮುತ್ತಲ ಊರಿನ ರಾಜರು ಮೊದಲು ಮಂಡಿಯೂರಿ, ಆಮೇಲೆ ಕೈಯೂರಿ, ಪಂಚೆ ಸರಿಮಾಡಿಕೊಂಡು ಹುಷಾರಾಗಿ ಮಲಗಿಕೊಳ್ಳುತ್ತಿದ್ದರು. ಕರಿಯಪ್ಪ ಹಾಗಲ್ಲ. ನಿಂತವನು ನಿಂತಂತೆಯೇ ಎರಡೂ ಕೈ ಮೇಲೆತ್ತಿ ಉದ್ದಕ್ಕೆ ಬೀಳುತ್ತಿದ್ದ. ಡ್ರಮ್ಮುಗಳ ಮೇಲೆ ಹಾಸಿದ ಹಲಗೆ ಢಮಾರ್ ಅನ್ನುತ್ತಿತ್ತು. ಹೆಂಗಸರು ಸೆರಗಿಗೆ ಕಣ್ಣೊತ್ತುತ್ತಿದ್ದರು. ಮುಂದಿನ ಸಾಲಿನಲ್ಲಿ ಕೂತ ಶಿವಯ್ಯ, ಊರಿನಲ್ಲಿ ನಾಟಕದ ಒಳಿತು ಕೆಡುಕು ಹೇಳುವ ಹಿರಿಯ, ಎದ್ದು ನಿಂತು "ಒನ್ಸ್ ಮೋರ್!" ಅಂತ ಕೂಗುತ್ತಿದ್ದ. ಸತ್ತ ರಾಜ ಎದ್ದು, ಧೂಳು ಕೊಡವಿ, ಶಿವಯ್ಯನಿಗೆ ಕೈಮುಗಿದು, ಕಿರೀಟ ನೆಟ್ಟಗೆ ಮಾಡಿಕೊಂಡು ಇನ್ನೊಂದು ಸಲ ಏಟು ತಿಂದು ಸಾಯುತ್ತಿದ್ದ. ನಮ್ಮ ಕಡೆ ಒನ್ಸ್ ಮೋರ್ ಬಂದ ಮೇಲೆ ಆಗುವುದಿಲ್ಲ ಅಂದ ನಟ ಇನ್ನೂ ಹುಟ್ಟಿಲ್ಲ.

ಹೆಂಡತಿ ಹೊಂಬಾಳಮ್ಮ ಮದುವೆಯಾದ ಹೊಸದರಲ್ಲಿ ಈ ಬೀಳುವಿಕೆ ನೋಡಿ ಕಿಟಾರನೆ ಕಿರುಚಿ ಸ್ಟೇಜಿನ ಹತ್ತಿರಕ್ಕೆ ಓಡಿದ್ದಳು. ಆಮೇಲಾಮೇಲೆ ಓಡುವುದು ಬಿಟ್ಟಳು. ನಾಟಕದ ಮಾರನೆಯ ಬೆಳಿಗ್ಗೆ ರಾಜನ ಬೆನ್ನಿಗೆ ಹರಳೆಣ್ಣೆ ಬಿಸಿ ಮಾಡಿ ತಿಕ್ಕುವುದು ಮಾತ್ರ ಅವಳ ಪಾಲಿಗೆ ಖಾಯಮ್ಮಾಗಿ ಉಳಿಯಿತು.

ಎರಡು ವರ್ಷದ ಹಿಂದೆ ಆಡಿದ ಕೊನೆಯ ಪೌರಾಣಿಕದಲ್ಲಿ ಕರಿಯಪ್ಪನ ಗಂಟಲು ಕೈಕೊಟ್ಟಿತು. ಮೇಲಿನ ಸ್ವರಕ್ಕೆ ಹೋದ ದನಿ ಅಲ್ಲಿಂದ ವಾಪಸ್ಸು ಬರಲಿಲ್ಲ. ಹಾರ್ಮೋನಿಯಂ ಮೇಷ್ಟ್ರು ಪಾಪ ಒಂದೇ ಸ್ವರದ ಮನೆ ಒತ್ತಿ ಹಿಡಿದು ಕಾದರು. ಜನ ಎದ್ದು ಟೀ ಕುಡಿಯಲು ಹೋದರು. ಅವನು ಬಿದ್ದಾಗ ಹಲಗೆ ಎಂದಿನಂತೆ ಢಮಾರ್ ಅಂದಿತು, ಆದರೆ ಶಿವಯ್ಯ ಏಳಲಿಲ್ಲ. ಸತ್ತವನು ಒಂದು ಕಣ್ಣು ತೆರೆದು ಮುಂದಿನ ಸಾಲು ನೋಡಿದ. ಶಿವಯ್ಯ ಎಲೆಅಡಿಕೆ ಮಡಿಸುತ್ತಿದ್ದ. ಆ ಎಲೆಅಡಿಕೆ ಕರಿಯಪ್ಪನ ಎದೆಯಲ್ಲಿ ಮುಳ್ಳಿನಂತೆ ಕೂತುಬಿಟ್ಟಿತು.

ಇಷ್ಟರಲ್ಲಿ ಊರಿನ ಯುವಕರ ಸಂಘಕ್ಕೆ ಹೊಸ ಚಪಲ ಹತ್ತಿತು. ಯುವಕರ ಸಂಘ ಅಂದರೆ ಹೆಸರಿಗೆ ಮೋಸಹೋಗಬೇಡಿ, ಅದರಲ್ಲಿ ಅರ್ಧ ಜನಕ್ಕೆ ಮೊಮ್ಮಕ್ಕಳಿದ್ದಾರೆ. ರಾತ್ರಿಯೆಲ್ಲ ಕೂತು ಪೌರಾಣಿಕ ನೋಡುವವರು ಯಾರೂ ಇಲ್ಲ, ಈ ಸಲ ಸಂಜೆ ಶುರುಮಾಡಿ ಊಟದ ಹೊತ್ತಿಗೆ ಮುಗಿಸುವ ಹಾಸ್ಯ ನಾಟಕ ಆಡೋಣ ಅಂತ ತೀರ್ಮಾನವಾಯಿತು. ನಾಟಕ ಬರೆದವನು ಮಹದೇವು. ಮಳವಳ್ಳಿಯ ಹೈಸ್ಕೂಲಿನಲ್ಲಿ ಮೇಷ್ಟ್ರು, ಇದೇ ಊರಿನ ಕೆಳಗಿನ ಬೀದಿಯವನು. ಆ ಬೀದಿಯವರಿಗೆ ನಮ್ಮ ಪೌರಾಣಿಕಗಳಲ್ಲಿ ಸಿಗುತ್ತಿದ್ದದ್ದು ದೂತನ ಪಾರ್ಟು ಒಂದೇ. ಬರಬೇಕು, ಬಗ್ಗಬೇಕು, "ಅಪ್ಪಣೆ" ಅನ್ನಬೇಕು, ಹೋಗಬೇಕು. ಮಹದೇವುವಿನ ಅಪ್ಪ ಸಿದ್ದರಾಮು ಹೀಗೆ ಕರಿಯಪ್ಪನ ಮುಂದೆ ಬಗ್ಗಿ ಬಗ್ಗಿ ಮುದುಕನಾದ. ಈಗ ಪಾರ್ಟು ಹಂಚುವ ಕುರ್ಚಿಯಲ್ಲಿ ಅವನ ಮಗ ಕೂತಿದ್ದ. ಕರಿಯಪ್ಪನಿಗೆ ಇದೊಂದೂ ಹೊಳೆಯಲಿಲ್ಲ. ರಾಜರಿಗೆ ದೂತರ ಮುಖ ಎಲ್ಲಿ ನೆನಪಿರುತ್ತದೆ?

ನಾಟಕದ ಕತೆ ಇಷ್ಟೇ. ಎರಡು ದಿನಕ್ಕೆಂದು ಅಳಿಯನ ಮನೆಗೆ ಬಂದ ಮಾವ ಎರಡು ತಿಂಗಳಾದರೂ ಹೊರಡುವುದಿಲ್ಲ. ಮುದ್ದೆ ಮೇಲೆ ಮುದ್ದೆ ಇಳಿಸುತ್ತಾನೆ, ಮಂಚ ಬಿಟ್ಟು ಏಳುವುದಿಲ್ಲ. ಕೊನೆಗೆ ಮಗಳೂ ಅಳಿಯನೂ ಸೇರಿ ಮಂಚದ ಕಾಲು ಕುಯ್ದಿಟ್ಟು ಅವನನ್ನು ಬೀಳಿಸಿ ಓಡಿಸುತ್ತಾರೆ.

"ಮಾವನ ಪಾರ್ಟು ನಂಗೇ ಬುಡಿ ಮೇಷ್ಟ್ರೇ," ಅಂದ ಕರಿಯಪ್ಪ. "ದೊಡ್ಡ ಪಾರ್ಟು ಅದೇ ಅಲ್ವಾ?"

"ದೊಡ್ಡದೇ ಕರಿಯಪ್ಪಣ್ಣ. ಆದ್ರೆ ಇದು ಹಾಸ್ಯ. ಜನ ನಗ್ತಾರೆ."

"ನಗ್ಲಿ, ಯಾರು ಬ್ಯಾಡ ಅಂದೋರು? ಬೇರೆಯವ್ರನ್ನ ನೋಡ್ಕಂಡು ನಗ್ಲಿ. ನನ್ನ ನೋಡಿ ನಗಂಗಿಲ್ಲ."

ಮಹದೇವು ಅವನ ಮುಖವನ್ನೇ ನೋಡಿದ. ತಮಾಷೆಗೆ ಹೇಳಿದ ಮಾತಲ್ಲ ಅದು.

"ಮುವ್ವತ್ತು ವರ್ಸ ರಾಜ ಆಗಿರೋನು ನಾನು," ಕರಿಯಪ್ಪ ಮೀಸೆಗೆ ಕೈ ಹಾಕಿದ. "ಈ ತಾಲ್ಲೂಕಲ್ಲಿ ನನ್ನೆಸ್ರು ರಾಜಪಾರ್ಟಿನ ಕರಿಯಪ್ಪ ಅಂತ. ಅದೊಂದೇ ನಂಗಿರೋ ಆಸ್ತಿ. ನನ್ನ ನೋಡಿ ಒಬ್ಬ ನಕ್ರೂವೆ ಅಲ್ಲೇ ಬಣ್ಣ ಒರೆಸ್ಕಂಡು ಇಳ್ದೋಯ್ತೀನಿ. ಆಮೇಲೆ ಜಲ್ಮದಲ್ಲಿ ಸ್ಟೇಜು ಹತ್ತಕಿಲ್ಲ. ತಿಳ್ಕಳಿ."

ಬುದ್ಧಿ ಇದ್ದ ಮೇಷ್ಟ್ರಾಗಿದ್ದರೆ ಹೋಗಿ ಬನ್ನಿ ಅನ್ನಬೇಕಿತ್ತು. ಮಹದೇವುವಿಗೆ ಬುದ್ಧಿಯ ಜೊತೆಗೆ ಇನ್ನೂ ಏನೋ ಇತ್ತು. ಅವನು ಆ ಆರಡಿಯ ದೇಹವನ್ನು ಕೆಳಗಿನಿಂದ ಮೇಲಿನವರೆಗೆ ಒಮ್ಮೆ ನೋಡಿ, "ಆಯ್ತಣ್ಣ, ಹಂಗೇ ಆಗ್ಲಿ," ಅಂದ. ಅಪ್ಪಣೆ ಅನ್ನಲಿಲ್ಲ, ಅಷ್ಟೇ.

ಹಾಸ್ಯ ನಾಟಕದ ಮುಖ್ಯ ಪಾತ್ರಧಾರಿಯನ್ನು ನೋಡಿ ಯಾರೂ ನಗಕೂಡದು ಎಂಬ ಈ ಕರಾರು ಸಂಘದಲ್ಲಿ ಒಬ್ಬರಿಗೂ ವಿಚಿತ್ರ ಅನ್ನಿಸಲಿಲ್ಲ. ಹೇಗೆ ಅನ್ನಿಸೀತು? ಎಲ್ಲರ ಜೇಬಿನಲ್ಲೂ ಒಂದೊಂದು ಕರಾರಿತ್ತು. ಅಳಿಯನ ಪಾತ್ರದ ಶಿವರಾಜು ಹಾಲಿನ ಡೈರಿಯ ಅಧ್ಯಕ್ಷ, ಮುಂದಿನ ಪಂಚಾಯ್ತಿ ಚುನಾವಣೆಗೆ ನಿಲ್ಲುವವನು. ಸ್ಟೇಜಿನ ಮೇಲೆ ಹೆಂಡತಿ ತನಗೆ ಬೈಯಬಾರದು, ಬೈದರೆ ವೋಟು ಹೋಗುತ್ತದೆ ಅಂತ ಪಟ್ಟು ಹಿಡಿದ. ಪಕ್ಕದ ಮನೆಯ ಸಾಲಗಾರನ ಪಾತ್ರದ ಯತೀಶನಿಗೆ ಹೆಣ್ಣು ನೋಡುತ್ತಿದ್ದರು. ಅವನು ಹರಕಲು ಬನಿಯನ್ನು ಹಾಕುವುದಿಲ್ಲ ಅಂದ. ಸಾಲ ಕೇಳಲು ಇಸ್ತ್ರಿ ಮಾಡಿದ ಬಿಳಿ ಷರಟಿನಲ್ಲೇ ಬಂದ. ನಗಿಸುವುದಕ್ಕೆ ಎಲ್ಲರೂ ತಯಾರು, ನಗೆಗೆ ಸಿಕ್ಕಿಕೊಳ್ಳುವುದಕ್ಕೆ ಒಬ್ಬನಿಗೂ ಧೈರ್ಯವಿಲ್ಲ. ಥೂ, ಇಂಥ ಹೇಡಿಗಳನ್ನು ಕಟ್ಟಿಕೊಂಡು ಹಾಸ್ಯ ಆಡುತ್ತಾರಂತೆ! ಏನೂ ತಕರಾರು ಮಾಡದವಳು ಮಗಳ ಪಾತ್ರದ ದೀಪಿಕ ಒಬ್ಬಳೇ. ಕರಿಯಪ್ಪನ ತಮ್ಮನ ಮಗಳು, ಮಳವಳ್ಳಿಯಲ್ಲಿ ಕಾಲೇಜು ಓದುವವಳು. ಹೆಣ್ಣಿನ ಪಾರ್ಟಿಗೆ ಮಂಡ್ಯದಿಂದ ನಟಿಯರನ್ನು ಕರೆಸುವ ನಮ್ಮೂರಲ್ಲಿ ಮೊದಲ ಸಲ ಊರಿನ ಹುಡುಗಿಯೇ ಬಣ್ಣ ಹಚ್ಚುವವಳಿದ್ದಳು.

ಡೈರಿ ಕಟ್ಟಡದಲ್ಲಿ ಪ್ರಾಕ್ಟೀಸು ಶುರುವಾಯಿತು. ಮಾವ ಉಣ್ಣುವ ಸೀನಿನಲ್ಲಿ ಮಹದೇವು ಬರೆದಿದ್ದ ಮಾತು "ಇನ್ನೊಂದು ಮುದ್ದೆ ಇಕ್ಕವ್ವ" ಅಂತ. ಕರಿಯಪ್ಪನಿಗೆ ಅದು ಹಿಡಿಸಲಿಲ್ಲ. ಭಿಕ್ಷುಕನ ಹಾಗೆ ಕೇಳುವುದೇ? ಅವನು ಎದ್ದು ನಿಂತು, ಎದೆಯಿಂದ ಕೈ ತೆಗೆದು, ಅರ್ಧ ಸುತ್ತು ತಿರುಗಿಸಿ ಗುಡುಗಿದ: "ಎಲೌ ಮಗಳೇ! ಮತ್ತೊಂದು ಮುದ್ದೆಯನ್ನು ಈ ಕ್ಷಣದಲ್ಲಿಯೇ ತರುವಂಥವಳಾಗು!"

ದೀಪಿಕ ದುಪಟ್ಟಾವನ್ನು ಬಾಯಿಗೆ ತುರುಕಿಕೊಂಡು ಹೊರಗೆ ಓಡಿದಳು. ಯತೀಶ ಗೋಡೆಗೆ ಮುಖ ಮಾಡಿ ನಿಂತ. ಮಹದೇವು ಮಾತ್ರ ಗಂಭೀರವಾಗಿ, "ಚೆನ್ನಾಗದೆ ಕರಿಯಪ್ಪಣ್ಣ. ಇದನ್ನೇ ಇಟ್ಕೊಳಿ," ಅಂದ. ಕರಿಯಪ್ಪ ಹೋದಮೇಲೆ ಉಳಿದವರಿಗೆ ತಾಕೀತು ಮಾಡಿದ: "ಪ್ರಾಕ್ಟೀಸಲ್ಲಿ ಯಾರೂ ನಗಬಾರ್ದು. ಈಯಪ್ಪ ಎದ್ದೋದ್ರೆ ನಾಟಕ ಮುಗೀತು. ತಡ್ಕೊಳಿ. ಜನ ನಿಮ್ಮ ಬದ್ಲು ನಗ್ತಾರೆ."

ಅತ್ತ ಕರಿಯಪ್ಪ ಮನೆಗೆ ಹೋಗಿ ಹೆಂಡತಿಯ ಮುಂದೆ ಕೊಚ್ಚಿಕೊಂಡ. "ನಾನು ಮುದ್ದೆ ಕೇಳೋ ಸೀನಲ್ಲಿ ದೀಪಿಕಂಗೆ ಕಣ್ಣಲ್ಲಿ ನೀರು ಬಂದ್ಬುಡ್ತು ಕಣಮ್ಮಿ. ತಡೀನಾರ್ದೆ ಎದ್ದೋದ್ಲು."

"ಮುದ್ದೆ ಕೇಳಿದ್ಕೆ ಅತ್ಲಾ?" ಅಂದಳು ಹೊಂಬಾಳಮ್ಮ, ಒಲೆಯ ಮುಂದಿನಿಂದ ತಲೆಯೆತ್ತದೆ.

"ಕೇಳಂಗೆ ಕೇಳ್ದೆ, ಅದ್ಕೆ."

"ಅಯ್ಯೋ ನಿನ್ನ! ಮನೇಲಿ ಹಂಗೆ ಕೇಳ್ಬುಟ್ಟೀಯ, ಮುದ್ದೆಕೋಲು ಕೈಲದೆ."

ಕೊನೆಯ ಸೀನಿಗೆ ದೊಡ್ಡ ರಂಪವಾಯಿತು. ಮಂಚದ ಮೇಲೆ ಮಲಗಿದ್ದವನು ಗೊರಕೆ ಹೊಡೆಯುತ್ತ ಉರುಳಿ ಬೀಳಬೇಕು ಅಂತ ಬರೆದಿತ್ತು. ಮಲಗಿ ಬೀಳುವುದು ಕೂಸುಗಳ ಕೆಲಸ ಅಂದ ಕರಿಯಪ್ಪ. ಬೀಳುವುದರಲ್ಲಿ ತನಗೆ ಪಾಠ ಹೇಳುವವನು ಮಂಡ್ಯ ಜಿಲ್ಲೆಯಲ್ಲಿ ಹುಟ್ಟಿಲ್ಲ ಅಂದ. ಮಹದೇವು ಅದಕ್ಕೂ ತಲೆಯಾಡಿಸಿ, "ನಿಮ್ಮಿಷ್ಟದಂಗೇ ಬೀಳಿ," ಅಂದ. ಬೆನ್ನು ಉಳಿಸಿಕೊಳ್ಳಲು ಕರಿಯಪ್ಪ ಪ್ರಾಕ್ಟೀಸಿನಲ್ಲಿ ಒಂದು ಸಲವೂ ಬಿದ್ದು ತೋರಿಸಲಿಲ್ಲ.

ನಾಟಕದ ಸಂಜೆ ಬಂತು. ಮೊದಲು ಭಾಷಣಗಳು. ಕಲೆ ಉಳಿಯಬೇಕು ಅಂದ ಮುಖಂಡರೆಲ್ಲ ಶಾಲು ಹೊದಿಸಿಕೊಂಡು, ಹಾರ ಹಾಕಿಸಿಕೊಂಡು, ಪರದೆ ಏಳುವ ಮುಂಚೆಯೇ ಕಾರು ಹತ್ತಿದರು. ಉಳಿದವರು ಊರಿನವರು, ಅಕ್ಕಪಕ್ಕದ ಹಳ್ಳಿಯವರು, ಹತ್ತಿರದ ಬ್ಲಫ್ ಜಲಪಾತದ ಪವರ್‌ಹೌಸಿನ ಕೆಲವು ನೌಕರರು. ಮುಂದಿನ ಸಾಲಿನಲ್ಲಿ ಶಿವಯ್ಯ. ಅವನ ಹಿಂದೆ ಹೊಂಬಾಳಮ್ಮ.

ಕರಿಯಪ್ಪ ಪೇಟ ಸುತ್ತಿ, ಕೆಂಪು ಶಾಲು ಹೊದ್ದು, ಎರಡು ದಿನದ ಮಟ್ಟಿಗೆ ಅಳಿಯನ ಮನೆಗೆ ಬಂದ. ಬಂದನೆಂದರೆ, ಯುದ್ಧ ಗೆದ್ದು ರಾಜಧಾನಿಗೆ ಬಂದವನ ನಡಿಗೆಯಲ್ಲಿ, ಕೈಯಲ್ಲಿ ಬಟ್ಟೆಯ ಚೀಲ ಹಿಡಿದುಕೊಂಡು ಬಂದ. ಜನ ಘೊಳ್ಳೆಂದರು. ಕರಿಯಪ್ಪ ಬೆನ್ನ ಹಿಂದಿದ್ದ ಶಿವರಾಜುವಿನ ಕಡೆ ಓರೆಗಣ್ಣು ಬೀರಿದ. 'ಈ ಬಡ್ಡೀಮಗ ಹಿಂದುಗಡೆ ಏನೋ ಕೋತಿಚೇಷ್ಟೆ ಮಾಡ್ತಾವ್ನೆ' ಅಂದುಕೊಂಡ. ಮುದ್ದೆಯ ಸೀನಿನಲ್ಲಿ ಗುಡುಗಿದಾಗ ಬೆಂಚಿನ ಮೇಲೆ ಕೂತಿದ್ದವರು ಬೆಂಚಿನಿಂದ ಜಾರಿದರು. ಆ ನಗೆಯನ್ನು ಅವನು ಯತೀಶನ ಇಸ್ತ್ರಿ ಷರಟಿನ ಲೆಕ್ಕಕ್ಕೆ ಹಾಕಿದ. ಹೀಗೆ ಬಂದ ನಗೆಯನ್ನೆಲ್ಲ ಪಕ್ಕದವರಿಗೆ ಹಂಚುತ್ತ, ತಾನು ಮಾತ್ರ ರಾಜನಾಗಿಯೇ ಉಳಿದು, ಕೊನೆಯ ಸೀನಿಗೆ ಬಂದ.

ಕೊನೆಯ ಸೀನಿನಲ್ಲಿ ಸ್ಟೇಜಿನ ಮೇಲೆ ಅವನೊಬ್ಬನೇ. ಮಗಳೂ ಅಳಿಯನೂ ಪರದೆಯ ಹಿಂದೆ ಅಡಗಿರುತ್ತಾರೆ. ಕರಿಯಪ್ಪ ಮಂಚ ಹತ್ತಿ ನೆಟ್ಟಗೆ ನಿಂತ. ಕುಯ್ದಿದ್ದ ಕಾಲು ಲಟಕ್ ಅಂದಿತು. ಅವನು ಎರಡೂ ಕೈ ಮೇಲೆತ್ತಿ, ನಿಂತವನು ನಿಂತಂತೆಯೇ, ಮೂವತ್ತು ವರ್ಷ ಬಿದ್ದ ಹಾಗೆಯೇ ಉದ್ದಕ್ಕೆ ಬಿದ್ದ. ಹಲಗೆ ಢಮಾರ್ ಅಂದಿತು. ಅದೇ ಮನುಷ್ಯ, ಅದೇ ಹಲಗೆ, ಅದೇ ಸದ್ದು. ಆಗ ಅತ್ತಿದ್ದ ಹೆಂಗಸರೇ ಈಗ ಸೆರಗನ್ನು ಬಾಯಿಗೆ ಒತ್ತಿ ಹಿಡಿದು ಬಿದ್ದು ಬಿದ್ದು ನಕ್ಕರು.

ಮಲಗಿದ್ದಲ್ಲಿಂದ ಕರಿಯಪ್ಪ ಕತ್ತು ಹೊರಳಿಸಿ ಹಿಂದೆ ನೋಡಿದ. ಶಿವರಾಜು ಇರಲಿಲ್ಲ. ಯತೀಶ ಇರಲಿಲ್ಲ. ಆ ನಗೆಯನ್ನು ಹೊರಿಸಲು ಒಂದು ನರಪಿಳ್ಳೆಯೂ ಇರಲಿಲ್ಲ. ಮೊದಲಿನಿಂದ ಬಂದ ನಗೆಯೆಲ್ಲ ಯಾರದೆಂದು ಆಗ ಅವನಿಗೆ ತಿಳಿಯಿತು. ಭೂಮಿ ಬಾಯಿಬಿಟ್ಟರೆ ಸಾಕು ಅನ್ನಿಸಿತು. ಬಾಯಿಬಿಡಲು ಅಲ್ಲಿ ಭೂಮಿಯಾದರೂ ಎಲ್ಲಿತ್ತು, ಬರೀ ಹಲಗೆ.

ಎದ್ದ. ಆಡಿದ ಮಾತಿನ ಮನುಷ್ಯ ಅವನು, ಅಷ್ಟನ್ನು ಒಪ್ಪಬೇಕು. ಪೇಟ ತೆಗೆದ. ಶಾಲಿನ ತುದಿಯಿಂದ ಕೆನ್ನೆಯ ಬಣ್ಣ ಒರೆಸಿದ. ಜನ ಅದನ್ನೂ ನಾಟಕ ಅಂದುಕೊಂಡು ನಕ್ಕರು. ಸ್ಟೇಜಿನ ಮೆಟ್ಟಿಲಿನ ಮೇಲೆ ಒಂದು ಕಾಲನ್ನೂ ಇಟ್ಟ. ಪರದೆಯ ಸಂದಿನಲ್ಲಿ ನಿಂತಿದ್ದ ಮಹದೇವುವಿನ ಮುಖದಲ್ಲಿ ಅದುವರೆಗಿದ್ದ ನಗೆ ಹೋಗಿಬಿಟ್ಟಿತು.

ಆಗ ಮುಂದಿನ ಸಾಲಿನಲ್ಲಿ ಶಿವಯ್ಯ ಎದ್ದು ನಿಂತ. ಮುದುಕ ನಕ್ಕೂ ನಕ್ಕೂ ಕಣ್ಣೊರೆಸಿಕೊಳ್ಳುತ್ತಿದ್ದ. "ಒನ್ಸ್ ಮೋರ್ ಕಣ್ಲಾ ಕರಿಯಾ! ಒನ್ಸ್ ಮೋರ್!"

ಕರಿಯಪ್ಪನ ಕಾಲು ಮೆಟ್ಟಿಲಿನ ಮೇಲೆ ಹಾಗೇ ನಿಂತಿತು. ಎರಡು ವರ್ಷದಿಂದ ನಿದ್ದೆಯಲ್ಲೂ ಕಾದಿದ್ದ ಕೂಗು ಅದು. ಹಿಂದಿನ ಸಾಲುಗಳೂ ಹಿಡಿದವು. ಪವರ್‌ಹೌಸಿನವರು ಸಿಳ್ಳೆ ಹಾಕಿದರು. ಅವನು ಕೆಳಗಿನ ಮೆಟ್ಟಿಲು ನೋಡಿದ, ಶಿವಯ್ಯನನ್ನು ನೋಡಿದ. ಒಳಗಿನ ಒಬ್ಬ ಕರಿಯಪ್ಪ ಇಳಿಯೋ, ಮಾನ ಉಳಿಸಿಕೊಳ್ಳೋ ಅನ್ನುತ್ತಿದ್ದ. ಇನ್ನೊಬ್ಬ ಆಗಲೇ ಪೇಟ ಸುತ್ತಿಕೊಳ್ಳುತ್ತಿದ್ದ. ದೀಪಿಕ ಪರದೆಯ ಹಿಂದಿನಿಂದ ಓಡಿಬಂದು ಮಂಚದ ಕಾಲಿಗೆ ಇಟ್ಟಿಗೆ ಕೊಟ್ಟು, "ನಿಲ್ಲಿಸಿದೀನಿ ದೊಡ್ಡಪ್ಪ, ಹತ್ತು," ಅಂದಳು.

ಹತ್ತಿದ. ಕೈಯೆತ್ತಿದ. ಬಿದ್ದ. ಮೊದಲಿಗಿಂತ ಜೋರಾಗಿ ಬಿದ್ದ. ಮೂರನೆಯ ಸಲ ಬೀಳು ಅಂತ ಯಾರೂ ಕೇಳಿರಲಿಲ್ಲ. ಅವನೊಬ್ಬನಿಗೆ ಮಾತ್ರ ಹಾಗೆ ಕೇಳಿಸಿ, ಮತ್ತೆ ಮಂಚ ಹತ್ತಿದ.

ನಾಟಕ ಮುಗಿದು ಗಂಡ ಹೆಂಡತಿ ಮನೆಗೆ ನಡೆದರು. ಅರ್ಧ ದಾರಿಯಲ್ಲಿ ಕರಿಯಪ್ಪ ಕೇಳಿದ: "ನೀನೂ ನಕ್ಕೇನಮ್ಮಿ?"

"ನಕ್ಕೆ."

"ನೀನೂವೆ?"

"ಇನ್ನೇನು ಅಳ್ಬೇಕಿತ್ತಾ? ನೀನು ರಾಜನಾಗಿ ಬಿದ್ದಾಗೆಲ್ಲ ಈ ಸಲ ಸೊಂಟ ಮುರ್ಕಂಡ ಅಂತ ಜೀವ ಕೈಲಿ ಹಿಡ್ಕಂಡು ಕುಂತಿರ್ತಿದ್ದೆ. ಜನ ಅಳೋರು ರಾಜಂಗೆ, ನಾನು ಹೆದ್ರೋಳು ನಿಂಗೆ. ಇವತ್ತು ಎಲ್ಲಾರು ನಗ್ತಿದ್ರು, ನಂಗೂ ನಗು ಬಂತು. ನಕ್ಬುಟ್ಟೆ." ಅವನ ನಡಿಗೆ ನೋಡಿ ಅಂದಳು, "ಬೆನ್ನು ನೋಯ್ತದಾ?"

ನೋಯುತ್ತಿತ್ತು. ಅವನು ಇಲ್ಲ ಅಂದ.

ಮಾರನೆಯ ದಿನದಿಂದ ರಾಜಪಾರ್ಟಿನ ಕರಿಯಪ್ಪ ಅನ್ನುವವನು ಆ ತಾಲ್ಲೂಕಿನಲ್ಲಿ ಇಲ್ಲವಾದ. ಮಳವಳ್ಳಿಯ ಸಂತೆಯಲ್ಲಿ ತರಕಾರಿಯವರು "ಮಾವ, ಮುದ್ದೆ ತರುವಂಥವಳಾಗು!" ಅಂತ ಕೂಗಿದರು. ಬಸ್ಸಿನ ಕಂಡಕ್ಟರು "ಮಾವಂಗೆ ಸೀಟು ಬುಡ್ರಪ್ಪ, ಬಿದ್ದುಗಿದ್ದಾರು," ಅಂದ. ಮೂವತ್ತು ವರ್ಷ ಕಟ್ಟಿದ ಹೆಸರು ಒಂದು ಸಂಜೆಗೆ ಹೋಯಿತು. ಕರಿಯಪ್ಪ ಬಾಗಿಲು ಹಾಕಿಕೊಂಡು ಕೂತು, ಪೆಟ್ಟಿಗೆಯಿಂದ ಹಳೆಯ ಕಿರೀಟ ತೆಗೆದು ನೋಡಿ, ಮತ್ತೆ ಇಟ್ಟ. ಮಹದೇವು ನೋಡಲು ಬಂದರೆ ಮಾತಾಡಿಸಲಿಲ್ಲ. ಅಲ್ಲಯ್ಯ, ನಗಬೇಡಿ ಅಂತ ಊರಿಗೆಲ್ಲ ಅಪ್ಪಣೆ ಕೊಡಿಸಿ ಹಾಸ್ಯ ನಾಟಕಕ್ಕೆ ಹೋದವನು ನೀನು, ಸಿಟ್ಟು ಮೇಷ್ಟ್ರ ಮೇಲೇಕೆ?

ಸುಗ್ಗಿ ಮುಗಿದ ಮೇಲೆ ಹೊಳಲಿನಿಂದ ಇಬ್ಬರು ಬಂದರು. ಮಂಡ್ಯದ ಪಕ್ಕದ ಆ ಊರಲ್ಲೂ ಒಂದು ಸಂಘ. ಜಗಲಿಯ ಮೇಲೆ ಕೂತು, ತಮ್ಮೂರ ನಾಟಕಕ್ಕೆ ಬಣ್ಣ ಹಚ್ಚಬೇಕು ಅಂದರು.

ಕರಿಯಪ್ಪನ ಬೆನ್ನು ನೆಟ್ಟಗಾಯಿತು. "ರಾಜನ ಪಾರ್ಟಾ?"

"ಅಲ್ಲ ಕಣಣ್ಣ. ಅದೇ ಮಾವಂದು. ನೀವು ಬೀಳೋದ ನಮ್ಮೂರೋರೆಲ್ಲ ಮೊಬೈಲಲ್ಲಿ ನೋಡವ್ರೆ. ಒಂದ್ಸಲ ನಮ್ಮೂರ್ಗೂ ಬಂದು ಬಿದ್ದೋಗ್ಬೇಕು."

"ನಾನು ರಾಜಪಾರ್ಟಿನೋನು," ಅಂದ ಕರಿಯಪ್ಪ, ಗೋಡೆ ನೋಡುತ್ತ. "ನಗಿಸೋದು ನನ್ನ ಕೆಲ್ಸ ಅಲ್ಲ. ಬಣ್ಣ ಬುಟ್ಟಾಯ್ತು. ಹೋಗ್ರಪ್ಪ."

ಹೊಂಬಾಳಮ್ಮ ಟೀ ತಂದುಕೊಟ್ಟಳು. ಅವರು ಟೀ ಕುಡಿದು, ಇನ್ನೆರಡು ಸಲ ಕೇಳಿ, ಎದ್ದು ಚಪ್ಪಲಿ ಮೆಟ್ಟಿದರು. ಹೋಗುವ ಮುಂಚೆ ಒಬ್ಬ ಮೆಲ್ಲಗೆ ಅಂದ: "ವಯಸ್ಸಾಗದೆ, ಪೆಟ್ಟಾಯ್ತದೆ ಅಂತ ಯೋಚ್ನೆ ಇದ್ರೆ ಹೇಳಣ್ಣ. ಹಲಗೆ ಮೇಲೆ ಹುಲ್ಲು ಹಾಸಿ ಜಮಖಾನ ಹಾಕಿಸ್ತೀವಿ."

"ಹುಲ್ಲಾ?" ಕರಿಯಪ್ಪ ಜಗಲಿಯಿಂದ ಎದ್ದೇ ನಿಂತ. "ಹುಲ್ಲಿನ ಮೇಲೆ ಬಿದ್ರೆ ಸದ್ದು ಬಂದಾತೇನ್ಲಾ? ಹಿಂದ್ಲ ಸಾಲ್ನೋರ್ಗೆ ಕೇಳ್ಬ್ಯಾಡ್ವಾ? ಡ್ರಮ್ಮಿನ ಮೇಲೆ ಬರೀ ಹಲಗೆ ಹಾಕ್ಸಿ. ಒಣಗಿದ್ದಿರ್ಲಿ. ಹಸಿ ಹಲಗೆ ಮಾತಾಡಕಿಲ್ಲ."

ಹೊಳಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಚಪ್ಪಲಿ ಬಿಟ್ಟು ಮತ್ತೆ ಜಗಲಿ ಹತ್ತಿದರು. ಹೊಂಬಾಳಮ್ಮ ಹರಳೆಣ್ಣೆ ಸೀಸೆಯಲ್ಲಿ ಎಷ್ಟು ಉಳಿದಿದೆ ಅಂತ ನೋಡಲು ಒಳಗೆ ಹೋದಳು.